ಹದಿನಾಲ್ಕು ಪ್ರಶ್ನೆಗಳು

ಮಾರ್ಚ್ ೯, ಭಾನುವಾರ, ಮಧ್ಯಾಹ್ನ ಮೂರು ಗಂಟೆ.
ಅಂಕಿಅಂಶ ಕಚೇರಿಯ ಎರಡನೇ ಮಹಡಿ. ರಜೆಯ ದಿನ, ನಾನೊಬ್ಬಳೇ ಇದ್ದೇನೆ.

ಪ್ರೀತಿಯ ಜೀರುಂಡೆಗೆ,

ನಿನ್ನ ಕಾಗದ ಗುರುವಾರವೇ ಕೈಸೇರಿತು. ಉತ್ತರ ಬರೆಯಲು ಮೂರು ದಿನ ತಡವಾಯಿತು. ಕೆಲಸವಿತ್ತು ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ನಿಜವೇನೆಂದರೆ ಮೂರು ಸಲ ಬರೆಯಲು ಕೂತು ಮೂರು ಸಲವೂ ಅಮ್ಮನ ಮಂಡಿನೋವು, ನನ್ನ ಮನೆಯ ನಲ್ಲಿ ಸೋರುವುದು, ಇಂಥವುಗಳ ಬಗ್ಗೆಯೇ ಒಂದೊಂದು ಪುಟ ತುಂಬಿಸಿ ಹರಿದು ಹಾಕಿದೆ.

ನೀನು ಕಳಿಸಿದ ನೋಟಿಸಿನ ಪ್ರತಿ ನನ್ನ ಮುಂದೆಯೇ ಇದೆ. ಕನ್ನಡಕದ ಗಾಜು ತಯಾರಿಕೆಯ ಒಂದು ವರ್ಷದ ತರಬೇತಿಯನ್ನು ನಮ್ಮ ಭಾಗದಲ್ಲಿ ಕೈಬಿಡಲಾಗಿದೆ. ಕಾರಣ, ಉದ್ಯೋಗ ಅರಸುತ್ತಿರುವ ಅಂಗವಿಕಲರ ಸಂಖ್ಯೆ ಅಗತ್ಯ ಪ್ರಮಾಣದಲ್ಲಿ ಕಂಡುಬಂದಿಲ್ಲ. ಅದರ ಕೆಳಗೆ ನೀನು ಪೆನ್ಸಿಲಿನಲ್ಲಿ ಬರೆದಿದ್ದೀಯ: ಅಕ್ಕಾ, ಎಣಿಸಿದ್ದು ನಿಮ್ಮ ಆಫೀಸಿನವರೇ ತಾನೇ, ಸ್ವಲ್ಪ ವಿಚಾರಿಸು, ಯಾವ ಮಹಾನುಭಾವರು ಬಂದು ಎಣಿಸಿ ಹೋದರೋ, ನಮ್ಮ ಮನೆಗಂತೂ ಯಾರೂ ಬರಲಿಲ್ಲ.

ಬಂದಿದ್ದರು, ತಂಗೀ. ನಾನೇ ಬಂದಿದ್ದೆ.

ನವೆಂಬರಿನ ಮೂರನೇ ಶನಿವಾರ ನೆನಪಿದೆಯಾ? ಹೆಗಲಿಗೆ ಕಂದು ಚೀಲ ಹಾಕಿಕೊಂಡು ಬಂದಿದ್ದೆ. ನಿನ್ನ ಪಾಲಿಗೆ ಅಕ್ಕ ಬಂದಿದ್ದಳು, ಅಷ್ಟೇ. ಆ ಚೀಲದಲ್ಲಿ ನಮ್ಮ ಮನೆಯ ಗಣತಿ ನಮೂನೆ ಇತ್ತು. ನಿಮ್ಮ ಬೀದಿ ಒಬ್ಬ ಗಣತಿದಾರಳ ಪಾಲಿಗೆ ಬಿದ್ದಿತ್ತು, ಅವಳಿಗೆ ಜ್ವರ ಬಂತು. ಸ್ವಂತದವರ ಮನೆಗೆ ನಾವು ಹೋಗಬಾರದೆಂಬ ನಿಯಮವಿದೆ. ಆದರೂ ನನ್ನ ಮನೆ ತಾನೇ, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಹತ್ತು ನಿಮಿಷವೂ ಬೇಕಾಗಲಿಲ್ಲ.

ಹೇಗೆ ಎಂಬುದನ್ನು ನಿನಗೆ ವಿವರಿಸಬೇಕು. ನಮ್ಮ ನಮೂನೆಯ ಇಪ್ಪತ್ತೊಂಬತ್ತನೇ ಪ್ರಶ್ನೆ, ಈ ವ್ಯಕ್ತಿ ಕೆಲಸ ಮಾಡುವ ಸ್ಥಿತಿಯಲ್ಲಿದ್ದಾರೆಯೇ ಎಂಬುದು. ಎಂಟು ಎಂದು ಬರೆದರೆ, ಅಂಗವೈಕಲ್ಯದಿಂದಾಗಿ ಇಲ್ಲ ಎಂದರ್ಥ. ಎಂಟರ ಪಕ್ಕದಲ್ಲೊಂದು ಬಾಣದ ಗುರುತು ಇದೆ, ನೇರ ನಲವತ್ನಾಲ್ಕನೇ ಪ್ರಶ್ನೆಗೆ ಹೋಗಿ ಎನ್ನುತ್ತದೆ. ನಡುವಿನ ಹದಿನಾಲ್ಕು ಪ್ರಶ್ನೆ ಕೇಳುವಂತಿಲ್ಲ. ಕಳೆದ ವಾರ ಒಂದು ಗಂಟೆಯಾದರೂ ಸಂಬಳಕ್ಕೆ ದುಡಿದಿರಾ? ಕೆಲಸ ಹುಡುಕಿದಿರಾ, ಎಲ್ಲೆಲ್ಲಿ? ಯಾರು ಬೇಡ ಅಂದರು? ಸಿಕ್ಕರೆ ಬೇರೆ ಊರಿಗೆ ಹೋಗುತ್ತೀರಾ? ಎಲ್ಲವೂ ಆ ಹದಿನಾಲ್ಕರಲ್ಲೇ ಇವೆ.

ದಿನಕ್ಕೆ ಹದಿನೈದು ಮನೆ ಮುಗಿಸಬೇಕು. ಅಂಗವಿಕಲರಿರುವ ಮನೆಯಲ್ಲಿ ಸಾಮಾನ್ಯವಾಗಿ ಬೇರೆಯವರು ಉತ್ತರ ಕೊಡುತ್ತಾರೆ. ಅಯ್ಯೋ ಬಿಡಿ, ಅವನ ಕೈಲಿ ಏನಾಗತ್ತೆ ಅನ್ನುತ್ತಾರೆ. ಎಂಟು ಬರೆದುಬಿಟ್ಟರೆ ಇಪ್ಪತ್ತು ನಿಮಿಷ ಉಳಿಯುತ್ತದೆ. ನನ್ನ ಕೈಕೆಳಗಿನ ಆರು ಜನರಲ್ಲಿ ಐವರು ಹುಡುಗಿಯರು ಇದಕ್ಕೆ ಮೆಟ್ಟಿಲು ಹಾರೋದು ಅಂತ ಹೆಸರಿಟ್ಟಿದ್ದರು. ಸಂಜೆ ನಮೂನೆ ಒಪ್ಪಿಸುವಾಗ, ಮೇಡಂ, ಇವತ್ತು ನನಗೆ ಮೂರು ಎಂಟು ಸಿಕ್ಕವು, ಮಧ್ಯಾಹ್ನಕ್ಕೇ ಮನೆ ಸೇರಿ ಒಂದು ನಿದ್ದೆ ತೆಗೆದೆ ಅಂತ ನಗುತ್ತಿದ್ದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಗಣತಿದಾರರ ತರಬೇತಿಯ ಎರಡನೇ ದಿನ ಕಪ್ಪುಹಲಗೆಯ ಮೇಲೆ ಆ ಬಾಣ ಬರೆದು, ಅನುಮಾನ ಬಂದರೆ ಎಂಟು ಹಾಕಿ ಮುಂದೆ ಹೋಗಿ ಅಂತ ಹೇಳಿಕೊಟ್ಟವಳು ನಾನೇ.

ಹಾರದವರು ಒಬ್ಬರಿದ್ದರು. ನಿವೃತ್ತ ಶಿಕ್ಷಕರು, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ. ನಾವೆಲ್ಲ ಛತ್ರಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದುದು. ಅವರದು ದಿನಕ್ಕೆ ಆರು ಮನೆ, ಏಳು ಮನೆ. ಏನ್ ಮೇಷ್ಟ್ರೇ, ಅಲ್ಲೇ ಊಟ ಮಾಡಿ ಮಲಗಿ ಎದ್ದು ಬಂದ್ರಾ ಅಂತ ಹುಡುಗಿಯರು ರೇಗಿಸುತ್ತಿದ್ದರು. ನಾನೂ ಒಮ್ಮೆ, ಸ್ವಲ್ಪ ಬೇಗ ಮುಗಿಸಿ ಮೇಷ್ಟ್ರೇ, ನನ್ನ ತಲೆ ಮೇಲೆ ಬರತ್ತೆ ಅಂದೆ. ಅವರು ಕೊಡೆಯನ್ನು ಗೋಡೆಗೆ ಒರಗಿಸಿ ಹೇಳಿದರು: ಮೂವತ್ತು ವರ್ಷ ಹಾಜರಿ ಕರೆದವನು ನಾನು, ಮೇಡಂ. ಹೆಸರು ಕೂಗಿದ ಮೇಲೆ ಉತ್ತರ ಬರೋವರೆಗೂ ಕಾಯೋದು ಅಭ್ಯಾಸ ಆಗಿಹೋಗಿದೆ. ಕೆಲವರಿಗೆ ಎದ್ದು ನಿಲ್ಲೋಕೆ ಹೊತ್ತು ಬೇಕಾಗತ್ತೆ.

ಲೆಕ್ಕ ಹಾಕಿದಾಗ, ಕೆಲಸ ಹುಡುಕುತ್ತಿರುವ ಅಂಗವಿಕಲರು ಮೇಷ್ಟ್ರ ಬೀದಿಗಳಲ್ಲಿ ಒಂಬತ್ತು ಜನ. ಉಳಿದ ಐವರ ಬೀದಿಗಳನ್ನೆಲ್ಲ ಕೂಡಿಸಿದರೂ ಮೂರು. ತರಬೇತಿ ನಡೆಸಲು ಕನಿಷ್ಠ ಹದಿನೈದು ಬೇಕಿತ್ತು. ಹನ್ನೆರಡಕ್ಕೇ ನಿಂತಿತು.

ಮುಖ್ಯ ಕಚೇರಿಯವರು ದಡ್ಡರಲ್ಲ. ಈ ಒಬ್ಬರದು ಮಾತ್ರ ಯಾಕೆ ಇಷ್ಟು ಹೆಚ್ಚು ಅಂತ ನನ್ನನ್ನು ಲಿಖಿತವಾಗಿ ಕೇಳಿದರು. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇರೆ ಇರಲಿಲ್ಲ. ನಾನು ಬರೆದದ್ದು ಒಂದೇ ಸಾಲು: ಸದರಿ ಗಣತಿದಾರರು ಹಿರಿಯರು, ಪ್ರಶ್ನೆಗಳನ್ನು ಸರಿಯಾಗಿ ಗ್ರಹಿಸಿದಂತಿಲ್ಲ. ಮುಂದಿನ ಸುತ್ತಿನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಚೇರಿಗೆ ಬಂದು ಗುರುತಿನ ಚೀಟಿ ಒಪ್ಪಿಸಿದರು. ಏನಾದರೂ ತಪ್ಪಾಯ್ತಾ ಮೇಡಂ ಅಂತ ಕೇಳಿದರು. ವಯಸ್ಸಿನ ನಿಯಮ ಮೇಷ್ಟ್ರೇ ಅಂದೆ. ಅಂಥ ನಿಯಮವೇ ಇಲ್ಲ.

ಈಗ ನಮ್ಮ ಮನೆಯ ವಿಷಯ.

ಅಮ್ಮ ಟೀ ಕೊಟ್ಟು ಎದುರಿಗೆ ಕೂತಳು. ನೀನು ಪಕ್ಕದ ಕೋಣೆಯಲ್ಲಿ, ನಮಗೆ ಬೆನ್ನು ಹಾಕಿ, ಮನೆಗೆ ತಂದಿದ್ದ ಫ್ರೇಮುಗಳಿಗೆ ಗಾಜು ಕೂರಿಸುತ್ತಿದ್ದೆ. ನಿನ್ನ ಗುಂಯ್‌ಗುಡುವಿಕೆ ಕೇಳಿಸುತ್ತಿತ್ತು. ಚಿಕ್ಕಂದಿನ ಆ ಜ್ವರ ನಿನ್ನ ಕಿವಿ ಕಸಿದುಕೊಂಡ ಮೇಲೂ, ಕೆಲಸಕ್ಕೆ ಕೂತಾಗಲೆಲ್ಲ ನೀನು ಹಾಗೆ ಗುನುಗುತ್ತೀಯ; ಜೀರುಂಡೆ ಅಂತ ಹೆಸರು ಬಿದ್ದದ್ದೇ ಅದರಿಂದ. ನಿನ್ನ ಸರದಿ ಬಂದಾಗ ಅಮ್ಮ, ಅವಳದ್ದೇನೇ ಬರ್ಕೋತೀಯ, ಕೈಲಾಗಲ್ಲ ಅಂತ ಹಾಕಿ ಮುಗಿಸು ಅಂದಳು. ಕನ್ನಡಕದಂಗಡಿಗೆ ಹೋಗ್ತಾಳಲ್ಲಮ್ಮ ಅಂದೆ. ಅದೂ ಒಂದು ಕೆಲಸವೇನೇ, ಮನೇಲಿ ಬೇಜಾರು ಅಂತ ಹೋಗಿ ಕೂತು ಬರ್ತಾಳೆ, ಅವರು ಒಳ್ಳೆಯವರು, ಕೂರಿಸ್ಕೋತಾರೆ ಅಂದಳು.

ಕೂರಿಸಿಕೊಳ್ಳುತ್ತಾರಂತೆ! ಅಂಗಡಿಯ ಯಜಮಾನರು ನನ್ನ ಮುಂದೆಯೇ ಹೇಳಿದ್ದರು: ನಿಮ್ಮ ತಂಗಿ ಒಂದು ವಾರ ರಜೆ ಹಾಕಿದ್ರೆ ಅರ್ಧ ಊರು ಪೇಪರ್ ಓದೋಕಾಗದೆ ಕೂರತ್ತೆ, ತಾಯೀ. ಗಾಜಿನ ಅಂಚನ್ನು ಸಾಣೆಗೆ ಹಿಡಿದು, ಕಣ್ಣು ಮುಚ್ಚಿ, ಬೆರಳಿನಲ್ಲೇ ಅದರ ಅದುರುವಿಕೆ ನೋಡಿ ಇನ್ನೆಷ್ಟು ಸವೆಸಬೇಕೆಂದು ನೀನು ತಿಳಿಯುವುದನ್ನು ನಾನೇ ನೋಡಿದ್ದೇನೆ. ಏಳು ವರ್ಷದಿಂದ, ವಾರಕ್ಕೆ ಆರು ದಿನ. ನಮ್ಮ ನಿಯಮದ ಪ್ರಕಾರ ಕೆಲಸದವಳು ಎನಿಸಿಕೊಳ್ಳಲು ವಾರಕ್ಕೆ ಒಂದು ಗಂಟೆ ಸಾಕು. ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದ್ದೂ ಗೊತ್ತಿತ್ತು. ಮೂರು ಸಲವೂ ತರಬೇತಿಯ ಪ್ರಮಾಣಪತ್ರ ಇಲ್ಲ ಅಂತ ವಾಪಸು ಬಂದಿತ್ತು. ಎರಡನೆಯ ಅರ್ಜಿಯ ಕರಡು ತಿದ್ದಿಕೊಟ್ಟವಳು ನಾನು.

ಇಷ್ಟೆಲ್ಲ ಗೊತ್ತಿದ್ದೂ ಎಂಟು ಬರೆದೆ.

ಆರು ಜನ ಗಣತಿದಾರರಿಗೆ ಒಂದು ನೆಪವಿದೆ, ಕೈಭಾಷೆ ಅವರಿಗೆ ಬರುವುದಿಲ್ಲ. ಅಮ್ಮನಿಗೂ ಊಟ, ಬಾ, ಮಲಗು, ಎಲ್ಲಿಗೆ ಎಂಬ ಇಪ್ಪತ್ತು ಸನ್ನೆ ದಾಟಿ ಬರುವುದಿಲ್ಲ. ನಿನ್ನೊಡನೆ ಜಗಳವಾಡುವಷ್ಟು, ಚಾಡಿ ಹೇಳುವಷ್ಟು, ಪೋಲಿ ಜೋಕು ಹೇಳುವಷ್ಟು ಬರುವುದು ನಮ್ಮ ಊರಿನ ಗಣತಿಯಲ್ಲಿ ನನಗೊಬ್ಬಳಿಗೇ. ಎದ್ದು ನಾಲ್ಕು ಹೆಜ್ಜೆ ನಡೆದು ನಿನ್ನ ಭುಜ ಮುಟ್ಟಿದ್ದರೆ ಸಾಕಿತ್ತು.

ಸುಸ್ತಾಗಿತ್ತು, ಗಡುವು ಹತ್ತಿರವಿತ್ತು ಅಂತ ಬರೆಯಬಹುದು. ಎರಡೂ ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಆ ಹದಿನಾಲ್ಕರಲ್ಲಿ ನಲವತ್ತೊಂದನೆಯದು, ಕೆಲಸ ಸಿಕ್ಕರೆ ಬೇರೆ ಊರಿಗೆ ಹೋಗುತ್ತೀರಾ ಎಂಬುದು. ನೀನು ಹೂಂ ಅನ್ನುತ್ತೀಯ ಅಂತ ನನಗೆ ಗೊತ್ತಿತ್ತು. ಅಮ್ಮನ ಎದುರಿಗೇ ಅನ್ನುತ್ತಿದ್ದೆ. ಅಮ್ಮ ನನ್ನ ಕಡೆ ತಿರುಗಿ, ಹಾಗಾದರೆ ನನ್ನ ಜೊತೆ ಯಾರಿರ್ತಾರೆ ಅನ್ನುತ್ತಿದ್ದಳು. ಆ ಪ್ರಶ್ನೆ ನಮ್ಮ ನಮೂನೆಯಲ್ಲಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವಳು ನಾನು. ಒಂದೂವರೆ ಗಂಟೆ ಬಸ್ಸಿನ ದೂರದಲ್ಲಿ ನನ್ನ ಕೆಲಸ, ನನ್ನ ಎರಡು ಕೋಣೆಯ ಮನೆ, ನನ್ನ ಪುಸ್ತಕಗಳು ನೆಮ್ಮದಿಯಾಗಿರುವುದು ನೀನು ಅಲ್ಲಿ ಇರುವುದರಿಂದ. ನಿನ್ನನ್ನು ಯಾರೂ ಎಲ್ಲಿಗೂ ಕರೆಯದೆ ಇರುವುದರಿಂದ.

ತರಬೇತಿಗೆ ವಯಸ್ಸಿನ ಮಿತಿ ಮೂವತ್ತೆರಡು. ಈ ಜುಲೈ ತಪ್ಪಿದರೆ ಮುಂದಿನ ಜುಲೈಗೆ ನಿನಗೆ ಮೂವತ್ಮೂರು. ಇದನ್ನು ನೀನು ಕಾಗದದಲ್ಲಿ ಬರೆದಿರಲಿಲ್ಲ. ನಾನು ಬೆರಳೆಣಿಸಿ ನೋಡಿದೆ.

ಅಂತಿಮ ವರದಿ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಮೇಲ್ವಿಚಾರಕರು ತಪ್ಪು ಒಪ್ಪಿಕೊಂಡು ಬರೆದುಕೊಟ್ಟರೆ ಆ ಭಾಗವನ್ನು ಮತ್ತೆ ಎಣಿಸಲು ಅವಕಾಶವಿದೆ, ತರಬೇತಿಯ ವಿಷಯವೂ ಮತ್ತೆ ಮೇಜಿಗೆ ಬರುತ್ತದೆ. ಹಾಗೆ ಬರೆದುಕೊಟ್ಟವರು ಮೇಲ್ವಿಚಾರಕರಾಗಿ ಉಳಿಯುವುದಿಲ್ಲ. ಬೆಳಿಗ್ಗೆಯಿಂದ ಆ ಐವರ ಬೀದಿಗಳ ನಮೂನೆ ತೆಗೆದು ನೋಡಿದೆ. ಒಟ್ಟು ತೊಂಬತ್ತೊಂದು ಎಂಟುಗಳು. ಕಟ್ಟಡ ಕೆಲಸದಲ್ಲಿ ಕಾಲು ಕಳೆದುಕೊಂಡು ಈಗ ಮನೆಯಲ್ಲೇ ಕುರ್ಚಿ ಹೆಣೆಯುವವನಿಗೂ ಎಂಟು. ಫೋನಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕುರುಡಿ ಹೆಂಗಸಿಗೂ ಎಂಟು. ಇವು ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಯಾಗಿ ಉಳಿದಿವೆ. ಹುಡುಗಿಯರಿಗೆ ಕಂಡಿತ್ತು, ಪಾಪ. ಬರೆಯಲು ಜಾಗವನ್ನು ನಾನು ಬಿಟ್ಟಿರಲಿಲ್ಲ.

ನಿರ್ದೇಶಕರಿಗೆ ಪತ್ರ ಬರೆದಿದ್ದೇನೆ. ಬಾಣದ ವಿಷಯ, ಮೇಷ್ಟ್ರ ಬಗ್ಗೆ ನಾನು ಬರೆದ ಸಾಲು, ಸ್ವಂತ ಮನೆಗೆ ಹೋದದ್ದು, ಎಲ್ಲ ಅದರಲ್ಲಿದೆ. ನಾಳೆ ಹತ್ತು ಗಂಟೆಗೆ ಅವರ ಕೈಗೇ ಕೊಡುತ್ತೇನೆ. ಮತ್ತೆ ಎಣಿಸಿದರೂ ಹದಿನೈದು ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ತರಬೇತಿ ಸಿಕ್ಕಿತೋ, ಆ ವರ್ಷ ಅಮ್ಮ ನನ್ನ ಬಳಿ ಇರುತ್ತಾಳೆ. ಅವಳಿಗೆ ಇದನ್ನು ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ, ಕೈಯನ್ನೂ ಎತ್ತಬೇಡ.

ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ಅದು ನನಗೆ ತೀರಾ ಸುಲಭವಾಗುತ್ತದೆ. ಬೈದು ಬರಿ. ಚೆನ್ನಾಗಿ ಬೈ.

ನಿನ್ನ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನಮೂನೆಯ ಕೊನೆಯಲ್ಲಿ, ಉತ್ತರ ಕೊಟ್ಟವರು ಯಾರು ಎಂಬ ಚೌಕವಿದೆ. ಮನೆಯ ಇತರರು ಎಂದಿರುವ ನಮೂನೆಗಳಲ್ಲಿ ಕೆಲವನ್ನು ಆರಿಸಿ, ಹದಿನೈದು ದಿನದೊಳಗೆ ಬೇರೊಬ್ಬರು ಬಂದು ಆ ವ್ಯಕ್ತಿಯನ್ನೇ ಕಂಡು ವಿಚಾರಿಸುತ್ತಾರೆ. ನಿನ್ನ ಹೆಸರಿನ ಮುಂದೆ ನಾನು 'ಸ್ವತಃ' ಎಂದು ಬರೆದೆ. ಹಾಗಾಗಿ ಯಾರೂ ಬರಲಿಲ್ಲ. ಸರಕಾರದ ಕಾಗದದಲ್ಲಿ, ನನ್ನಿಂದ ಯಾವ ಕೆಲಸವೂ ಆಗದು ಎಂದು ನೀನೇ ಹೇಳಿದಂತಿದೆ. ನಿರ್ದೇಶಕರ ಪತ್ರದಲ್ಲಿ ಈ ಸಾಲು ಇನ್ನೂ ಇಲ್ಲ. ಲಕೋಟೆ ಅಂಟಿಸಿಯಾಗಿದೆ. ನಾಳೆ ಅವರು ಬರುವ ಮೊದಲು ಅದನ್ನು ಬಿಚ್ಚಿ ಇದನ್ನೂ ಸೇರಿಸುವುದೆಂದು ತೀರ್ಮಾನಿಸಿದ್ದೇನೆ.