ತಾಯಮ್ಮನ ಮೂರು ಖಾಲಿ ತಿಂಗಳು

ಶಾಲಾ ಆಟೋಟಗಳ ಮೇಲ್ವಿಚಾರಕರಾದ ಮಾನ್ಯರೇ,

ತಮ್ಮ ಕಚೇರಿ ಕೆಂಪು ಶಾಯಿಯಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ತಾಳಗುಂದದ ಹದಿನಾರು ವರ್ಷದ ಹುಡುಗಿಯೊಬ್ಬಳು ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ಸೊರಬದ ಕಡೆಯ, ನಲವತ್ತು ದಾಟಿದ ವಿಧುರನೊಬ್ಬನಿಗೆ ಅವಳನ್ನು ಮುಂದಿನ ತಿಂಗಳು ಕೊಡುವುದೆಂದು ನಿಶ್ಚಯವಾಗಿದೆ. ಮೂರು ಅರ್ಜಿ ಬರೆದೆ, ತಮಗೆ ಪುರುಸೊತ್ತಾಗಲಿಲ್ಲ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಹುಡುಗಿಯ ಹೆಸರು ಬರೆಯಲೋ ಬೇಡವೋ ಎಂದು ಅವಳನ್ನೇ ಕೇಳಿದೆ. "ಹಾಕ್ರೀ ಅಕ್ಕಾರೆ, ನಾನೇನ್ ತಪ್ಪು ಮಾಡೀನಿ?" ಎಂದಳು. ಅವಳ ಹೆಸರು ತಾಯಮ್ಮ.

ಹೋದ ವರ್ಷ ತಮ್ಮಿಂದ ಒಂದು ಸುತ್ತೋಲೆ ಬಂತು. ಓಟದ ಅಭ್ಯಾಸ ಮಾಡುವ ಪ್ರತಿಯೊಬ್ಬ ಹುಡುಗಿಯ ಮುಟ್ಟಿನ ತಾರೀಖನ್ನು ಪುಸ್ತಕದಲ್ಲಿ ಬರೆದು ತಿಂಗಳು ತಿಂಗಳೂ ಕಳಿಸಬೇಕು, ಆ ದಿನಗಳಲ್ಲಿ ಅವಳು ಮೈದಾನಕ್ಕೆ ಕಾಲಿಡಕೂಡದು. "ಆರೋಗ್ಯದ ದೃಷ್ಟಿಯಿಂದ" ಎಂದು ಬರೆದಿದ್ದಿರಿ. ಕ್ರೀಡಾಕೂಟದ ದಿನ ಮೈದಾನದಲ್ಲಿ ಕಾಯಿ ಒಡೆದು ಪೂಜೆ ಮಾಡುತ್ತಾರೆ, ಮೈಲಿಗೆಯಾದೀತೆಂಬ ಭಯ ಎಂದು ನೇರವಾಗಿ ಬರೆದಿದ್ದರೆ ನಮಗೂ ಅರ್ಥವಾಗುತ್ತಿತ್ತು. ಹೆಂಗಸೆಂಬ ಕಾರಣಕ್ಕೆ ಆ ಪುಸ್ತಕ ಹೊಲಿಗೆ ಕಲಿಸುವ ನನ್ನ ಕೊರಳಿಗೆ ಬಿತ್ತು. ಹುಡುಗಿಯರು ನಮಗಿಂತ ಜಾಣೆಯರು. ಕೂಟಕ್ಕೆ ಅಡ್ಡಬಾರದ ತಾರೀಖನ್ನು ಎಲ್ಲರೂ ಮಾತಾಡಿಕೊಂಡು ಹೇಳಿದರು. ಹನ್ನೊಂದು ಹುಡುಗಿಯರು ತಿಂಗಳು ತಿಂಗಳೂ ಒಂದೇ ದಿನ ಹೊರಗಾದರೂ ತಮ್ಮ ಕಚೇರಿಗೆ ಅನುಮಾನವೇ ಬರಲಿಲ್ಲ!

ತಾಯಮ್ಮ ಮಾತ್ರ ನಿಜ ಹೇಳಿದಳು. "ಆಗಿಲ್ರೀ ಅಕ್ಕಾರೆ" ಎಂದಳು. ಮರುತಿಂಗಳೂ ಅದೇ ಮಾತು, ಅದರ ಮರುತಿಂಗಳೂ ಅದೇ. ನಾನು ಆ ಜಾಗ ಖಾಲಿ ಬಿಟ್ಟೆ. "ಮೂರು ತಿಂಗಳು ಖಾಲಿ. ಕಾರಣ ತಿಳಿಸುವುದು" ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡು ಪುಸ್ತಕ ವಾಪಸು ಬಂತು. ಮುಖ್ಯೋಪಾಧ್ಯಾಯರು ಅದನ್ನು ಜವಾನನ ಎದುರಿಗೇ ಗಟ್ಟಿಯಾಗಿ ಓದಿದರು. ಅಂದು ಸಂಜೆ ಹುಡುಗಿ ಮೂರು ಮೈಲಿ ನಡೆದು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮರುದಿನ ಅವಳ ತಂದೆ ಗುತ್ಯಪ್ಪನವರು ಬಂದರು. "ನನ್ನ ಮಗಳ ಮ್ಯಾಲೆ ಏನ್ ಬರ್ದೀರ್ರೀ ಅಕ್ಕಾರೆ? ಊರಾಗೆ ತಲೆ ಎತ್ತಂಗಿಲ್ಲ" ಎಂದು ನನ್ನ ಮುಂದೆ ಅತ್ತುಬಿಟ್ಟರು. ಆ ಜಾಗ ಖಾಲಿ ಬಿಟ್ಟವಳು ನಾನೇ.

ಸೂಲಗಿತ್ತಿ ಕುಬ್ರಾ ಬೀಯವರನ್ನು ಕರೆಸಿದೆವು. ಅವರು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, "ಇದ್ರಾಗೆ ಕೂಸೂ ಇಲ್ಲ, ಕೂಳೂ ಇಲ್ಲ. ಮೊದ್ಲು ಅನ್ನ ಹಾಕ್ರೀ" ಎಂದು ನಮ್ಮನ್ನೇ ಗದರಿದರು. ಅಷ್ಟು ಸಾಲದೆಂದು ಶಿವಮೊಗ್ಗೆಗೆ ಕರೆದುಕೊಂಡು ಹೋಗಿ ಲೇಡಿ ಡಾಕ್ಟರಿಗೂ ತೋರಿಸಿದೆ. ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಈ ಹುಡುಗಿಗೆ ಮತ್ತೆ ಊಟ ರಾತ್ರಿಗೇ. ನಡುವೆ ಆರು ಮೈಲಿ ನಡಿಗೆ, ಎರಡು ಹೊತ್ತು ಓಟ. ದುಡಿತಕ್ಕೆ ತಕ್ಕ ಆಹಾರವಿಲ್ಲದಿದ್ದರೆ ಹಾರ್ಮೋನು ಏರುಪೇರಾಗಿ ಮುಟ್ಟು ನಿಲ್ಲುವುದುಂಟು, ಬೇರೇನೂ ಇಲ್ಲವೆಂದು ಅವರು ಬರೆದುಕೊಟ್ಟರು. ಮುಟ್ಟನ್ನು ಹತೋಟಿಗೆ ತರುವ, ಬಸಿರು ತಡೆಯುವ ಹಾರ್ಮೋನು ಮಾತ್ರೆಗಳನ್ನು ಹೊರದೇಶಗಳಲ್ಲಿ ಪರೀಕ್ಷಿಸುತ್ತಿದ್ದಾರೆಂದೂ ಹೇಳಿದರು. ಅಲ್ಲಿ ಮಾತ್ರೆಯಿಂದ ಆಗಬೇಕಾದದ್ದು ನಮ್ಮಲ್ಲಿ ಹಸಿವಿನಿಂದಲೇ ಆಗುತ್ತಿದೆ. ಸರ್ಕಾರಕ್ಕೆ ಎಷ್ಟು ಉಳಿತಾಯ! ಆ ಪ್ರಮಾಣಪತ್ರವನ್ನು ತಮಗೆ ಕಳಿಸಿದೆ. "ನಮೂನೆಯಲ್ಲಿ ಇದಕ್ಕೆ ಅವಕಾಶವಿಲ್ಲ" ಎಂಬ ಚೀಟಿ ಹಚ್ಚಿ ಹಿಂತಿರುಗಿಸಿದಿರಿ.

ಓಡುವ ಹುಡುಗಿ ಏನು ಉಣ್ಣುತ್ತಾಳೆಂದು ತಮ್ಮ ಪುಸ್ತಕ ಒಮ್ಮೆಯಾದರೂ ಕೇಳಿತೇ? ಕಾಲು ನೋಯುತ್ತದೆಯೇ, ತಲೆ ಸುತ್ತುತ್ತದೆಯೇ ಎಂದು ಕೇಳಿತೇ? ನನಗೆ ಸಿಟ್ಟು ಬಂದಿದೆ, ಮಾನ್ಯರೇ. ನಾಚಿಕೆಯೂ ಆಗಿದೆ, ಆ ಪುಸ್ತಕ ಬರೆದ ಕೈ ನನ್ನದು.

"ಸರ್ಕಾರದ ಕಾಗದ ಬಂದ್ರೆ ಲಗ್ನ ನಿಲ್ಲಸ್ತೀನ್ರೀ. ಬರೇ ನಿಮ್ಮ ಮಾತಿಗೆ ಊರು ಕೇಳಲ್ಲ" ಎಂದು ಗುತ್ಯಪ್ಪನವರು ಹೇಳಿದ್ದಾರೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಈ ಹುಡುಗಿಯಲ್ಲಿ ಯಾವ ದೋಷವೂ ಇಲ್ಲ, ಅವಳನ್ನು ಕೂಡಲೇ ಶಾಲೆಗೆ ಸೇರಿಸಿಕೊಳ್ಳತಕ್ಕದ್ದು ಎಂದು ತಾವು ಸಹಿ ಮಾಡಿ, ಮೊಹರು ಒತ್ತಿ, ಈ ವಾರದಲ್ಲೇ ಕಳಿಸಬೇಕು. ಆ ಪುಸ್ತಕವನ್ನು ಎಲ್ಲ ಶಾಲೆಗಳಲ್ಲೂ ನಿಲ್ಲಿಸಬೇಕು.

ಅಲ್ಲಿಯವರೆಗೆ ನಿಯಮ ಮೀರುವವಳು ನಾನಲ್ಲ. ಈ ತಿಂಗಳ ಪುಸ್ತಕದಲ್ಲಿ ತಾಯಮ್ಮನ ಕೆಳಗೆ ನನ್ನ ಹೆಸರನ್ನೂ ಬರೆದು ಕಳಿಸಿದ್ದೇನೆ. ನನಗೆ ನಲವತ್ತೇಳು ವರ್ಷ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ನನ್ನವೂ ಮೂರು ತಿಂಗಳು ಖಾಲಿ ಇವೆ. ಕಾರಣ ಕೇಳಿ.

ಇಂತಿ,
ಒಂದು ಸುಳ್ಳು ತಾರೀಖು ಬರೆಯುವಷ್ಟೂ ಬುದ್ಧಿಯಿಲ್ಲದೆ ಹೋದ
ಹೊಲಿಗೆ ಉಪಾಧ್ಯಾಯಿನಿ ರಾಜೇಶ್ವರಮ್ಮ
ಶಿಕಾರಿಪುರ ತಾಲ್ಲೂಕು, ೧೯೫೮