ಬೈರಕೂರು ಬ್ಯಾಟರಿಯ ಚರಿತ್ರೆ

ಬೈರಕೂರು, ಮುಳಬಾಗಿಲು ತಾಲ್ಲೂಕು
೩ ಮೇ ೧೯೪೨

ಮಹಾಸಭೆಯ ಮಾನ್ಯರೇ, ಕಡಲಂಚಿನ ಕಾವಲಿಗೆ ನಿಂತ ಶೂರರೇ, ಅವರ ನಡುವೆ ಎಲ್ಲೋ ನಿಂತಿರುವ ನನ್ನ ಪ್ರೀತಿಯ ತಮ್ಮ ಕದಿರೇಶನೇ,

ಕ್ಷೇಮವೇ? ಉಪ್ಪುಗಾಳಿಗೆ ಕೆಮ್ಮು ಕಡಿಮೆಯಾಯಿತೇ? ನಿನ್ನ ಬಂದರಿನ ಮೇಲೆ ಬಾಂಬು ಬಿತ್ತೆಂದು ಪತ್ರಿಕೆಯಲ್ಲಿ ಓದಿದ ಮೇಲೆ ನಿನ್ನಿಂದ ಒಂದು ಕಾರ್ಡೂ ಬಂದಿಲ್ಲ. ಬರೆಯಲು ಬಿಡುವಿಲ್ಲ ಎಂದುಕೊಂಡಿದ್ದೇವೆ. ಹಾಗೆಂದುಕೊಳ್ಳುವುದೇ ಈಗ ಮನೆಮಂದಿಗೆಲ್ಲ ಕೆಲಸ. ನಾವಿಲ್ಲಿ ಸೌಖ್ಯ. ಅಮ್ಮನೂ ಗಟ್ಟಿಯಾಗಿದ್ದಾಳೆ.

ಇನ್ನು ಉಪನ್ಯಾಸ. ಹಡಗಿಗೆ ಗುರಿಯಿಟ್ಟು ಕೂತ ನಿಮ್ಮ ಫಿರಂಗಿ ಸಾಲಿನ, ಅಂದರೆ ಬ್ಯಾಟರಿಯ, ಚರಿತ್ರೆಯನ್ನು ಸರ್ಕಾರ ಬರೆಸೀತು. ನಮ್ಮದನ್ನು ನಾನೇ ಬರೆಯಬೇಕು. ಚಾವಡಿ ಮುಂದೆ ಪಾಳೇಗಾರರ ಕಾಲದಿಂದ ಮಲಗಿರುವ ತುಕ್ಕು ಫಿರಂಗಿ ಇದೆಯಲ್ಲ, ನೀನು ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದದ್ದು, ಅದೇ ನಮ್ಮ ಬ್ಯಾಟರಿ. ಗುಂಡಿಲ್ಲ, ಮದ್ದಿಲ್ಲ, ಸಮುದ್ರ ಕಂಡವರು ಊರಲ್ಲೇ ಇಲ್ಲ. ಕಮಾಂಡರು ನಮ್ಮಮ್ಮ ಮುನಿಗಂಗಮ್ಮ. ಹೊಡೆದು ಹೊಡೆದು ಫಿರಂಗಿ ಕಾದು ಕೆಂಡವಾಗುತ್ತದೆ, ಮುಟ್ಟಿದರೆ ಅಂಗೈ ಬೊಬ್ಬೆ ಎಂದು ಯುಗಾದಿಗೆ ಮುಂಚೆ ನೀನು ಬರೆದಿದ್ದೆ. ಅದನ್ನು ಓದಿ ಹೇಳಿದವನು ನಾನೇ. ಮರುದಿನದಿಂದ ಅಮ್ಮ ಬಾವಿಯಿಂದ ಬಿಂದಿಗೆ ಹೊತ್ತು ತಂದು ಈ ಫಿರಂಗಿಗೆ ಹುಯ್ಯತೊಡಗಿದಳು. ಊರಮ್ಮನ ಕಲ್ಲಿಗೆ ತಣ್ಣೀರೆರೆದು ಮಕ್ಕಳ ಮೈಯ ಸಿಡುಬು ಇಳಿಸುವವರಿಗೆ, ಇಲ್ಲಿಯ ಕಬ್ಬಿಣಕ್ಕೆರೆದು ಅಲ್ಲಿಯದನ್ನು ತಣಿಸುವುದು ದೊಡ್ಡ ಮಾತೇ? “ಇದೂ ಅದೂ ಒಂದೇ ಕುಲ ಕಣೋ, ಮಗೀನ ಕೈ ಸುಡಬಾರ್ದು” ಎಂದಳು. ದೊಡ್ಡವೆಂಕಟಪ್ಪ ಮಾವ ಚಾವಡಿ ಕಟ್ಟೆಯಿಂದ “ಹುಯ್ಯಿ ತಾಯಿ, ಶ್ರಾವಣಕ್ಕೆ ಚಿಗುರ್ತದೆ” ಎಂದ. “ನಿನ್ನ ತಲೆ ಮೇಲೂ ಹುಯ್ತೀನಿ ಬಾ, ಅಲ್ಲೇನಾದ್ರೂ ಚಿಗುರ್ತದಾ ನೋಡಾಣ” ಎಂದಳು ಅಮ್ಮ. ಮಾವನ ಬೋಳುತಲೆ ನಿನಗೆ ಗೊತ್ತೇ ಇದೆ. ಬಿ.ಎ. ಓದಿದ ಗರ್ವಕ್ಕೆ ನಾನೂ ಪದ ಕಟ್ಟಿದೆ:

ತುಕ್ಕು ಫಿರಂಗಿಗೆ ದಿನವೂ ಜಳಕ,
ಮಿಕ್ಕವರು ಕಾಯಲಿ ಹಬ್ಬದ ತನಕ.

ಅದಕ್ಕೆ ಅವಳು ನಗಲಿಲ್ಲ. ಬಾಂಬಿನ ಸುದ್ದಿ ಬಂದಾಗಿನಿಂದ ಎರಡು ಹೊತ್ತೂ ಹುಯ್ಯುತ್ತಾಳೆ. ಬಾವಿಯಲ್ಲಿ ನೀರು ತಳ ಕಂಡಿದೆ; ಹೇಳಿದರೆ ಕೇಳುವುದಿಲ್ಲ. ಕೈ ಸುಟ್ಟಿಲ್ಲ ಎಂದಷ್ಟೇ ಒಂದು ಕಾರ್ಡು ಹಾಕು, ಬಿಂದಿಗೆ ಕೆಳಗಿಡುತ್ತಾಳೆ.

ನಿನ್ನ ಹೆಂಡತಿ ಆದಿಲಕ್ಷ್ಮಿ ನಮಸ್ಕಾರ ಹೇಳಿದ್ದಾಳೆ. ನಿನ್ನ ಆಯುಷ್ಯ ಗಟ್ಟಿಯಿರಲಿ.

ನಿನ್ನಣ್ಣ,
ವೆಂಕಟರಾಯಪ್ಪ

ಮತ್ತೆ: ಟಪಾಲಿನವನು ಈ ಕಾಗದ ಒಯ್ಯಲು ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮ ಗಟ್ಟಿಯಾಗಿಲ್ಲ. ಹೋದ ಸೋಮವಾರ ಫಿರಂಗಿಯ ಪಕ್ಕದಲ್ಲೇ ಬಿದ್ದಳು. ಲಕ್ವ ಹೊಡೆದು ಬಲಗೈ, ನಾಲಗೆ ಎರಡೂ ಹೋದವು. ಎಡಗೈಯಲ್ಲಿ ಬಿಂದಿಗೆ ತೋರಿಸುತ್ತಾಳೆ, ತೋರಿಸುತ್ತಲೇ ಇರುತ್ತಾಳೆ. ಅಂದಿನಿಂದ ನೀರು ಹುಯ್ಯುತ್ತಿರುವವನು ನಾನು. ಅವಳು ನಿದ್ದೆ ಹೋದ ಮೇಲೂ ಹುಯ್ಯುತ್ತೇನೆ. ನಿಲ್ಲಿಸಲು ಭಯ ಕಣೋ.