ಅಂಗೈ ಅಡ್ಡ ಬಂದ ಶಾಟ್‌ಗಳು

ನನ್ನ ಅಪ್ಪನಿಗೆ,

ನನ್ನ ಕನ್ನಡ ನೋಡಿ ನಗಬೇಡ. ಇಂಗ್ಲಿಷ್ ಮೀಡಿಯಂಗೆ ಹಾಕಿದವನು ನೀನೇ. ಈಗ ಶನಿವಾರ ಮಧ್ಯಾಹ್ನ. ಬೆಟಗೇರಿಯ ನಿನ್ನ ಸ್ಟುಡಿಯೋದಲ್ಲಿ, ನಿನ್ನ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದೇನೆ. ಕಂಪ್ಯೂಟರ್ ವಿಡಿಯೋ ಸಿದ್ಧಮಾಡುತ್ತಿದೆ. ಪರದೆಯ ಮೇಲಿನ ಹಸಿರು ಗೆರೆ ಅರ್ಧಕ್ಕೆ ಬಂದು ನಿಂತೇಬಿಟ್ಟ ಹಾಗಿದೆ. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರು. ಪಕ್ಕದ ಮನೆಯ ಮಗ್ಗಕ್ಕಿಂತ ಜೋರಾಗಿ ನನ್ನ ಎದೆ ಬಡಿದುಕೊಳ್ಳುತ್ತಿದೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಮೊದಲು ಖುಷಿಯ ಸುದ್ದಿ ಹೇಳಿಬಿಡುತ್ತೇನೆ. ನನ್ನ ಲಗ್ನವಾಯಿತು, ಅಪ್ಪಾ! ನೀನು ನೋಡಿ ಒಪ್ಪಿದ್ದೆಯಲ್ಲ, ಲಕ್ಷ್ಮೇಶ್ವರದ ಹುಡುಗ, ಅವನ ಜೊತೆಗೇ. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಶುಭಕಾರ್ಯ ಮುಗಿಸಬೇಕು ಎಂದು ಹಿರಿಯರು ಅವಸರ ಮಾಡಿದರು. ಅತ್ತೆಮನೆಯ ಹೊಸ್ತಿಲಲ್ಲಿ ಒಡಪು ಹೇಳಿ ಗಂಡನ ಹೆಸರು ಹೇಳು ಎಂದಾಗ ನನಗೆ ಒಂದೂ ಒಡಪು ಬರಲಿಲ್ಲ. ಇಂಗ್ಲಿಷ್ ರೈಮ್ ಹೇಳಿ ಕೊನೆಗೆ 'ವಿನಾಯಕ' ಎಂದು ಸೇರಿಸಿದೆ. ಇವತ್ತಿಗೂ ಲಕ್ಷ್ಮೇಶ್ವರದಲ್ಲಿ ಅದನ್ನೇ ಹೇಳಿಕೊಂಡು ನಗುತ್ತಾರೆ. ವಿನಾಯಕ ಗದಗಿನ ಐಟಿಐಯಲ್ಲಿ ಪಾಠ ಹೇಳುತ್ತಾನೆ. ಸಂಜೆ ಇಲ್ಲಿಗೇ ಬಂದು ನನ್ನ ಪಕ್ಕ ಕೂರುತ್ತಾನೆ. ಕಡಿಮೆ ಮಾತು, ತುಂಬ ಚಹಾ. ಅವನನ್ನು ಎಷ್ಟು ಹೊಗಳಿದರೂ ನನಗೆ ಸಾಲುವುದಿಲ್ಲ, ಆದರೆ ಈ ಪತ್ರ ಅದಕ್ಕಲ್ಲ.

ಶಿರಹಟ್ಟಿಯ ಕಾವ್ಯಾಳ ಲಗ್ನ ನೆನಪಿದೆಯಾ? ನೀನು ಕ್ಯಾಮೆರಾ ಹೆಗಲಿಗೇರಿಸಿದ ಕೊನೆಯ ಲಗ್ನ. ಹಂದರ ಹಾಕಿದ ದಿನದಿಂದ ಹಿಡಿದು ಮದುಮಗಳನ್ನು ಕಳಿಸುವವರೆಗೆ ಎಲ್ಲವನ್ನೂ ತೆಗೆದೆ. ಅದರ ಜೊತೆಗೆ ಬಾಡಿಗೆಗೆ ಕರೆತಂದ ಇನ್ನಿಬ್ಬರ ಕ್ಯಾಮೆರಾಗಳೂ ಇದ್ದವು. ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಸುರಿದು, ಒಂದಕ್ಕೂ ಹೆಸರಿಡದೆ, ನೀನು ಹೊರಟೇಹೋದೆ. ಕೂತು ನೋಡಿದರೆ ನೋಡುತ್ತಲೇ ಇರಬೇಕು, ಅಷ್ಟಿದೆ. ನಿನ್ನ ಸ್ಟುಡಿಯೋದ ಬಗ್ಗೆ ಊರಿನ ಮಾತು ನಿನಗೇ ಗೊತ್ತು: ಇವರು ಲಗ್ನದ ವಿಡಿಯೋ ಕೊಡುವುದು ಕೂಸಿನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಎಂದು. "ಜಲ್ದಿ ಬೇಕಂದ್ರ ಜಲ್ದಿ ಲಗ್ನ ಆಗ್ಬೇಕಿತ್ತ" ಎಂದು ನೀನು ನಗುತ್ತಿದ್ದೆ. ಯಾರೂ ಸಿಟ್ಟಾಗುತ್ತಿರಲಿಲ್ಲ. ನನಗೆ ಹಾಗೆ ನಕ್ಕು ತಪ್ಪಿಸಿಕೊಳ್ಳಲು ಬರುತ್ತದೆಯಾ?

ಹೋದ ವಾರ ಕಾವ್ಯಾ ತಾನೇ ಇಲ್ಲಿಗೆ ಬಂದಿದ್ದಳು, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು. ನಾಳೆ ಅವಳ ಕುಬಸ, ಸೀಮಂತದ ಉಡಿ ತುಂಬುವುದು. ಪೂರ್ತಿ ವಿಡಿಯೋ ಯಾವಾಗಲಾದರೂ ಬರಲಿ, ಕುಬಸದ ದಿನ ಟಿವಿಯಲ್ಲಿ ಹಾಕಲು ಸಣ್ಣದೊಂದು ಬೇಕು ಎಂದಳು. ಆಮೇಲೆ ಧ್ವನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ಮಳೆಗಾಲದಲ್ಲಿ ಅವಳ ಅಜ್ಜ ತೀರಿಕೊಂಡಿದ್ದಾರೆ. ಫೋಟೋ ಎಂದರೆ ದೂರ ಸರಿಯುತ್ತಿದ್ದ ಮನುಷ್ಯ. ಗೋಡೆಯ ಮೇಲೆ ಹಾಕಲು ಕೂಡ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದ್ದಾರೆ.

"ಅಜ್ಜಿ ದಿನಾ ಕೇಳ್ತಾಳಕ್ಕಾ, ವಿಡಿಯೋದಾಗ ಅಜ್ಜ ಎಲ್ಲೆರೆ ಅದಾನೇನ ಅಂತ. ಅದೊಂದ ಹುಡುಕಿ ಹಾಕ್ರಿ."

ಆಯಿತು ಎಂದುಬಿಟ್ಟೆ. ನಿನ್ನ ಹಾಗೆಯೇ, ಹಿಂದೆ ಮುಂದೆ ನೋಡದೆ.

ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡ ದಿನ ನಾನು ಕುರ್ಚಿಯಲ್ಲೇ ಕುಣಿದಿದ್ದೆ. ನೀನು ನೋಡಬೇಕಿತ್ತು. ಒಂದು ಮುಖ ತೋರಿಸಿದರೆ ಸಾಕು, ಆ ಮುಖವಿರುವ ತುಣುಕುಗಳನ್ನೆಲ್ಲ ಹೆಕ್ಕಿ ಮುಂದಿಡುತ್ತದೆ. ನಗುವವರನ್ನು ಆರಿಸುತ್ತದೆ, ಕತ್ತಲಾದದ್ದನ್ನೂ ಅಲುಗಾಡಿದ್ದನ್ನೂ ಬಿಡುತ್ತದೆ, ಹಾಡಿನ ತಾಳಕ್ಕೆ ಕತ್ತರಿಸಿ ಜೋಡಿಸುತ್ತದೆ. ನೀನು ತಿಂಗಳುಗಟ್ಟಲೆ ಮಾಡುತ್ತಿದ್ದದ್ದನ್ನು ವಿನಾಯಕ ಚಹಾ ತರುವಷ್ಟರಲ್ಲಿ ಮಾಡಿ ತೋರಿಸಿತು. ಎಲ್ಲರೂ ನಗುತ್ತಿದ್ದರು, ಎಲ್ಲರೂ ಚೆಂದ ಕಾಣುತ್ತಿದ್ದರು. ಆಮೇಲೆ ಅಜ್ಜನ ಆಧಾರ್ ಫೋಟೋ ಕೊಟ್ಟು ಹುಡುಕು ಎಂದೆ. ಬಹಳ ಹೊತ್ತು ಹುಡುಕಿ ಒಬ್ಬರನ್ನು ತೋರಿಸಿತು. ಅಡಿಗೆಯವನು, ಅಪ್ಪಾ. ಸೌಟು ಹಿಡಿದು ಕ್ಯಾಮೆರಾ ನೋಡಿ ನಗುತ್ತಿದ್ದ.

ನಾನೂ ನಕ್ಕೆ. ಆದರೆ ಒಳಗೆ ಹೆದರಿಕೆ ಹುಟ್ಟಿದ್ದು ಆಗಲೇ. ಬಂಧುಬಳಗದ ಎದುರು, ಆ ಅಜ್ಜಿಯ ಎದುರು, ಬೇರೆ ಯಾರನ್ನೋ ತೋರಿಸಿಬಿಟ್ಟರೆ...

ಮೊನ್ನೆ ಸಂಜೆ ವಿನಾಯಕ ತುಂಬ ಹೆಮ್ಮೆಯಿಂದ ಒಂದು ಸುದ್ದಿ ಹೇಳಿದ. ನನ್ನ ಕೆಲಸ ಹಗುರವಾಗಲಿ ಎಂದು ನಿನ್ನ ಕ್ಯಾಮೆರಾದ ತುಣುಕುಗಳನ್ನೆಲ್ಲ ಓಡಿಸಿ ನೋಡಿದ್ದನಂತೆ.

"ಭಾಳ ಶಾಟ್ ಕೆಟ್ಟಾವ. ಕಡೀಕ ಯಾರೋ ಕೈ ಅಡ್ಡ ಹಿಡದಾರ. ಅವನ್ನೆಲ್ಲಾ 'ವೇಸ್ಟ್' ಅಂತ ಒಂದ ಕಡೆ ಹಾಕೀನಿ. ಡಿಲೀಟ್ ಮಾಡ್ಲೇನ?"

ತಡಿ ಎಂದೆ. ಯಾಕೆ ಹಾಗೆಂದೆನೋ ನನಗೂ ಗೊತ್ತಿಲ್ಲ. ಒಂದನ್ನು ತೆರೆದು ನೋಡಿದೆ. ಮದುಮಗಳ ತಾಯಿ ಬಾಸಿಂಗದ ದಾರ ಬಿಗಿಯುತ್ತ ಹಲ್ಲು ಕಚ್ಚಿದ್ದಾಳೆ. ಅದು ಮುಗಿಯುತ್ತಲೇ ಬಲಗಡೆಯಿಂದ ಒಂದು ಕೈ ಬಂದು ಲೆನ್ಸ್ ಮುಚ್ಚುತ್ತದೆ. ಮುಚ್ಚುವ ಮುಂಚೆ ಒಂದು ಕ್ಷಣ ಮಣಿಕಟ್ಟಿನ ಒಳಮೈಯಲ್ಲಿ ಗಡಿಯಾರದ ಮುಖ ಕಾಣುತ್ತದೆ. ಗಡಿಯಾರವನ್ನು ಹಾಗೆ ತಿರುಗಿಸಿ ಕಟ್ಟುವವರು ಈ ಭೂಮಿಯ ಮೇಲೆ ಇನ್ನು ಯಾರಿದ್ದಾರೆ?

ಶಾಲೆಯಿಂದ ಬಂದು ಇದೇ ಟೇಬಲ್ಲಿನ ಕೆಳಗೆ ಕೂತು ನಾನು ಹೋಮ್‌ವರ್ಕ್ ಮಾಡುತ್ತಿದ್ದ ದಿನಗಳು ಆಗ ನೆನಪಾದವು. ನೀನು ಕ್ಯಾಸೆಟ್ಟನ್ನು ಗರಗರ ಓಡಿಸುತ್ತಿದ್ದೆ. ಪರದೆ ಒಮ್ಮೆ ಕಪ್ಪಾದರೆ ನಿಲ್ಲಿಸಿ, ಸ್ವಲ್ಪವೇ ಹಿಂದೆ ಹೋಗಿ, ಕತ್ತರಿಸಿಟ್ಟುಕೊಳ್ಳುತ್ತಿದ್ದೆ. ಕ್ಯಾಸೆಟ್ ಹಾಳಾಗಿದೆ ಎಂದೇ ನಾನು ತಿಳಿದಿದ್ದೆ. ಅದು ಗುರುತಾಗಿತ್ತು, ಅಲ್ಲವಾ? ಒಳ್ಳೆಯದೊಂದು ಸಿಕ್ಕಿತು ಎಂದು, ತೆಗೆಯುವಾಗಲೇ ನೀನು ನಿನಗಾಗಿ ಇಟ್ಟುಕೊಂಡ ಗುರುತು. ಕೇಳಿದ್ದರೆ ನೀನು ಹೇಳುತ್ತಿದ್ದೆ. ನಾನು ಕೇಳಲೇ ಇಲ್ಲ, ನೀನು ಇದ್ದೇ ಇರುತ್ತೀ ಎಂದುಕೊಂಡು...

ಆ 'ವೇಸ್ಟ್' ಫೋಲ್ಡರಿನಲ್ಲಿ ಇಡೀ ಲಗ್ನವೇ ಇತ್ತು. ವಿನಾಯಕ ನಾಚಿಕೆಯಿಂದ ಕಿವಿ ಕೆಂಪು ಮಾಡಿಕೊಂಡ. ನಾನು ಅವನ ಕೆನ್ನೆಗೆ... ಇರಲಿ, ಅಪ್ಪನಿಗೆ ಬರೆಯುವ ಮಾತಲ್ಲ. ಎಲ್ಲವನ್ನೂ ಹುಡುಕುತ್ತ ಕೂತಿದ್ದರೆ ಎಂದು ಮುಗಿಯುತ್ತಿತ್ತೋ, ಪುಣ್ಯಾತ್ಮ ತಪ್ಪು ತಿಳಿದು ಒಂದೇ ಕಡೆ ಸೇರಿಸಿಟ್ಟಿದ್ದ.

ಅದರಲ್ಲೇ ಸಿಕ್ಕಿತು ಆ ತುಣುಕು. ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು ಜನರೆಲ್ಲ ಊಟಕ್ಕೆ ಎದ್ದಿದ್ದಾರೆ. ಖಾಲಿ ಕುರ್ಚಿಗಳು. ಹಂದರಗಂಬದ ಹತ್ತಿರ ಕಂದು ಕೋಟು ತೊಟ್ಟ ಮುದುಕರೊಬ್ಬರು ನಿಂತಿದ್ದಾರೆ, ನಮಗೆ ಬೆನ್ನು. ಹೆಗಲ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡಿದ್ದಾರೆ. ಆಮೇಲೆ ನಿಧಾನವಾಗಿ ಬಾಗಿ, ಜಮಖಾನೆಯ ಮೇಲೆ ಚೆಲ್ಲಿದ ಅಕ್ಕಿಯನ್ನು ಯಾರೂ ತುಳಿಯದ ಹಾಗೆ ಬಳಿದು ಬಳಿದು ಟವೆಲ್ಲಿಗೆ ತುಂಬಿಕೊಳ್ಳುತ್ತಾರೆ. ನೀನು ಮುಂದೆ ಹೋಗಿ ಮುಖ ತೆಗೆಯಬಹುದಿತ್ತು. ಹೋಗಲಿಲ್ಲ. ಅಲ್ಲಿಯೇ ನಿಂತೆ, ಬಹಳ ಹೊತ್ತು. ಆಮೇಲೆ ನಿನ್ನ ಅಂಗೈ.

ಕಾವ್ಯಾಗೆ ಕಳಿಸಿದೆ. "ಅಜ್ಜನ್ಹಂಗ ಕಾಣ್ತಾನಕ್ಕಾ, ಆದ್ರ ಮುಂಡರಗಿ ಕಾಕಾನೂ ಅಂಥಾದ ಕೋಟ ಹಾಕಿದ್ದ" ಎಂದಳು. ಅಜ್ಜಿಗೇ ತೋರಿಸಿ, ಇವರು ನಿಮ್ಮ ಯಜಮಾನರಾ ಎಂದು ಫೋನಿನಲ್ಲಿ ಕೇಳಲು ಬಾಯಿ ಬರುತ್ತದೆಯಾ? ಅಲ್ಲ ಎಂದರೆ? ಬಿಟ್ಟುಬಿಡೋಣವೆಂದರೆ, ಅಜ್ಜಿ ಕೊನೆಯವರೆಗೆ ಕಾದು ಕೂತು, ಅಡಿಗೆಯವನನ್ನು ನೋಡಿ ಎದ್ದುಹೋಗಬೇಕಾ? ಎರಡು ಸಲ ಹಾಕಿದೆ, ಎರಡು ಸಲ ತೆಗೆದೆ. ಕೊನೆಗೆ ಹಾಕಿಯೇ ಇಟ್ಟೆ. ನನ್ನ ಹತ್ತಿರ ಇರುವ ಪುರಾವೆ ನಿನ್ನ ಕೈ ಒಂದೇ. ಅದು ಸುಮ್ಮನೆ ಅಡ್ಡ ಬರುವ ಕೈಯಲ್ಲ, ಅಲ್ಲವಾ? ಹೌದು ಎನ್ನು, ಅಪ್ಪಾ.

ಗೆರೆ ತುಂಬಿತು. ವಿನಾಯಕ ಹೊರಗೆ ಗಾಡಿಯ ಹಾರ್ನ್ ಹೊಡೆಯುತ್ತಿದ್ದಾನೆ. ಮನೆಗೆ ಹೊರಟೆ. ನಾಳೆ ಶಿರಹಟ್ಟಿಗೆ ಹೋಗಿ ಬರುತ್ತೇನೆ.

*

ಸೋಮವಾರ. ಉಳಿದದ್ದನ್ನು ಹೇಳದಿದ್ದರೆ ನನಗೆ ಕೆಲಸ ಹತ್ತುವುದಿಲ್ಲ.

ನಿನ್ನೆ ಶಿರಹಟ್ಟಿಯಲ್ಲಿ ಕಾವ್ಯಾಳನ್ನು ಹಸಿರು ಸೀರೆ ಉಡಿಸಿ ಕೂರಿಸಿ ಉಡಿ ತುಂಬಿದರು. ಕುಬಸ ತೆಗೆಯಲು ನಿನ್ನ ಕ್ಯಾಮೆರಾ ಹಿಡಿದು ನಾನೇ ಹೋಗಿದ್ದೆ. ಅಜ್ಜಿ ಆರತಿಗೆ ಮುಂದೆ ಬರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದರು. ಊಟವಾದ ಮೇಲೆ ಪಡಸಾಲೆಯ ಟಿವಿಗೆ ಪೆನ್‌ಡ್ರೈವ್ ಹಾಕಿದೆವು. ತಮ್ಮ ತಮ್ಮ ಮುಖ ಬಂದಾಗ ಎಲ್ಲರೂ ಗಲಗಲ ಎಂದರು. ಆಮೇಲೆ ಖಾಲಿ ಕುರ್ಚಿಗಳು ಬಂದವು. ಹಂದರಗಂಬ. ಬೆನ್ನು.

ಹಿಂದಿನಿಂದ ಯಾರೋ, "ಇವ ನಮ್ಮ ಮುಂಡರಗ್ಯಾಂವ ಅಲ್ಲೇನ?" ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಮುಂಡರಗಿಯ ಕಾಕಾ ಅಲ್ಲೇ ಕೂತಿದ್ದವರು, "ನಾ ಅಲ್ಲಪಾ, ನಾ ಆಗ ಮೊದಲನೇ ಪಂಕ್ತ್ಯಾಗ ಊಟಕ್ಕ ಕುಂತಿದ್ದೆ" ಎಂದರು. ಒಂದಿಬ್ಬರು ನಕ್ಕರು. ಆದರೂ ಯಾರೂ ಅಜ್ಜನ ಹೆಸರು ಹೇಳಲಿಲ್ಲ. ಮುಖ ಕಾಣುವುದಿಲ್ಲ, ಹೇಗೆ ಹೇಳುತ್ತಾರೆ?

ಆಗ ಅಜ್ಜಿ ಬಾಗಿಲು ಬಿಟ್ಟು ಬಂದರು. ಜನ ಕಾಲು ಸರಿಸಿ ದಾರಿ ಬಿಟ್ಟರು. ಟಿವಿಯ ಎದುರು ನಿಂತು ನೋಡಿದರು. ಕಾವ್ಯಾ ಮೆಲ್ಲಗೆ, "ಅಜ್ಜೀ, ಮಾರಿ ಕಾಣೂದಿಲ್ಲಲಾ" ಎಂದಳು.

"ಮಾರಿ ಯಾಕ ಬೇಕವಾ. ಜಲಮಾ ಪೂರ್ತಿ ಅವರ ಹಿಂದ ನಡದೀನಿ. ನನಗ ಅವರ ಬೆನ್ನ ಗೊತ್ತೈತಿ."

ಆಮೇಲೆ ನನ್ನ ಕಡೆ ತಿರುಗಿ, ಇನ್ನೊಮ್ಮೆ ಹಾಕು ಎಂದರು. ವಿನಾಯಕ ಮತ್ತೆ ಹಾಕಿದ. ಅಜ್ಜ ಬಾಗಿ ಅಕ್ಕಿ ಬಳಿಯುವಾಗ ಅಜ್ಜಿಯೂ ಸ್ವಲ್ಪ ಬಾಗಿದರು. ಆ ಅಕ್ಕಿಯನ್ನು ಅಂದು ಮನೆಗೆ ತಂದು ತಮ್ಮ ಕೈಗೇ ಕೊಟ್ಟಿದ್ದರೆಂದೂ, ಎಲ್ಲಿಯದೆಂದು ಕೇಳಿದರೆ ಹೇಳಲಿಲ್ಲವೆಂದೂ, ಯಾರಿಗೆ ಅಂತಲ್ಲ, ಟಿವಿಗೇ ಹೇಳುತ್ತಿದ್ದರು. ನಾನು ಕ್ಯಾಮೆರಾ ಎತ್ತಿದೆ. ಮುಂದೆ ಹೋಗಿ ಮುಖ ತೆಗೆಯಬಹುದಿತ್ತು. ನಾನೂ ಹೋಗಲಿಲ್ಲ. ಹಿಂದೆಯೇ ನಿಂತು, ಅಜ್ಜಿಯ ಬೆನ್ನು, ಅದರಾಚೆ ಟಿವಿಯಲ್ಲಿ ಅಜ್ಜನ ಬೆನ್ನು, ಎರಡನ್ನೂ ಹಿಡಿದೆ.

ಮುಗಿದ ಮೇಲೆ ನನ್ನ ಕೈ ತಾನಾಗಿಯೇ ಲೆನ್ಸಿಗೆ ಅಡ್ಡ ಬಂತು. ಇವತ್ತು ಬೆಳಿಗ್ಗೆ ಓಡಿಸಿ ನೋಡಿದೆ. ನಿನ್ನ ಗಡಿಯಾರವಿದ್ದ ಜಾಗದಲ್ಲಿ ನನ್ನ ಹಸಿರು ಬಳೆಗಳು. ಸದ್ದೂ ಬಂದಿದೆ. ಈ ಸಲ ವಿನಾಯಕ ಅದನ್ನು ವೇಸ್ಟಿಗೆ ಹಾಕಲಿಲ್ಲ. ಬರುವ ತಿಂಗಳು ಮುಂಡರಗಿಯ ಕಾಕಾನ ಮಗಳ ಲಗ್ನವಿದೆ, ನಮ್ಮನ್ನೇ ಕರೆದಿದ್ದಾರೆ. ಹೆದರಿಕೆ ಹೋಗಿಲ್ಲ ಅಪ್ಪಾ, ಇರಲಿ ಬಿಡು. ಕಾವ್ಯಾಳ ಪೂರ್ತಿ ವಿಡಿಯೋವನ್ನು ಮಾತ್ರ ಕೂಸು ಹುಟ್ಟುವ ಮುಂಚೆಯೇ ಕೊಡುತ್ತೇನೆ. ಜಾವಳದ ಮಾತು ನಿನ್ನ ಜೊತೆಗೇ ಮುಗಿಯಲಿ.

ನಿನ್ನ ಮಗಳು